ಇಂಬಳದ ಜತೆ ಹೊಟ್ಟೆ ತುಂಬ ಮಾತು

ಮಳೆಗಾಲ ಹಿಡಿಯಿತೆಂದರೆ ಬೆಂಗಳೂರಿನ ಅರ್ಧಕ್ಕರ್ಧ ಜನಕ್ಕೆ ಪ್ರಕೃತಿಯ ನೆನಪಾಗುತ್ತದೆ. ಶುಕ್ರವಾರ ರಾತ್ರಿ ನೆಲಮಂಗಲದ ಟೋಲ್ ಹತ್ತಿರ ನಿಂತರೆ ಇಡೀ ಊರೇ ಗುಳೆ ಹೊರಟ ಹಾಗೆ ಕಾಣುತ್ತದೆ. ಇವರೆಲ್ಲ ಎಲ್ಲಿಗೆ ಹೋಗುತ್ತಾರೆ, ಏನು ನೋಡುತ್ತಾರೆ ಎಂದು ಪ್ರವಾಸೋದ್ಯಮ ಇಲಾಖೆಯನ್ನು ಕೇಳಬಹುದು, ಹೋಂಸ್ಟೇ ಮಾಲೀಕರನ್ನೂ ಕೇಳಬಹುದು. ಆದರೆ ಬಂದವರನ್ನೆಲ್ಲ ಮೈಮುಟ್ಟಿ ವಿಚಾರಿಸಿಕೊಳ್ಳುವವರು ಮಲೆನಾಡಿನಲ್ಲಿ ಒಬ್ಬರೇ. ಮೂಡಿಗೆರೆ ತಾಲ್ಲೂಕಿನ ದೇವರಮನೆ ಗುಡ್ಡದ ಪಕ್ಕದ ಕಾಡಿನಂಚಿನಲ್ಲಿ, ಒದ್ದೆ ತರಗೆಲೆಯ ಮೇಲೆ ಬುಡ ಊರಿ, ತಲೆ ಎತ್ತಿ ಗಾಳಿಯಲ್ಲಿ ತಡಕಾಡುತ್ತಿದ್ದ ಇಂಬಳವೊಂದು ಮಾತಿಗೆ ಒಪ್ಪಿತು. ಸಂಭಾವನೆ ಮುಂಗಡವಾಗಿಯೇ ಬೇಕು ಎಂದಿತು. ಎಡಗಾಲಿನ ಮೀನಖಂಡ ಒಪ್ಪಿಸಿ ಕೂತೆ.

ಪ್ರಶ್ನೆ: ನಮಸ್ಕಾರ. ತಮ್ಮನ್ನು ಶ್ರೀ ಅನ್ನಲೋ, ಶ್ರೀಮತಿ ಅನ್ನಲೋ?

ಇಂಬಳ: ಎರಡೂ ಅನ್ನಿ ಮಾರಾಯ್ರೆ. ನಮ್ಮಲ್ಲಿ ಗಂಡು ಬೇರೆ, ಹೆಣ್ಣು ಬೇರೆ ಅಂತಿಲ್ಲ, ಒಂದೇ ಮೈಯಲ್ಲಿ ಎರಡೂ. ಹೋಂಸ್ಟೇಯವರು ‘ಜೋಡಿಗಳಿಗೆ ಮಾತ್ರ’ ಅಂತ ಬೋರ್ಡ್ ಹಾಕಿದ್ರೂ ನನ್ನನ್ನ ತಡೆಯೋ ಹಾಗಿಲ್ಲ.

ಪ್ರಶ್ನೆ: ಬಾಯಿ ಕೆಲಸದಲ್ಲಿರುವಾಗ ಮಾತಾಡುವುದು ಕಷ್ಟವಾಗುವುದಿಲ್ಲವೆ?

ಇಂಬಳ: ನಿಮ್ಮವರು ಪಫ್ಸ್ ಕಚ್ಚಿಕೊಂಡೇ ಆಫೀಸಿನ ಮೀಟಿಂಗ್ ಮುಗಿಸ್ತಾರಲ್ಲ, ನೋಡಿ ಕಲಿತೆ.

ಪ್ರಶ್ನೆ: ಬೆಂಗಳೂರಿನವರು ಬಂದರು ಅಂತ ಹೇಗೆ ಗೊತ್ತಾಗುತ್ತದೆ?

ಇಂಬಳ: ನಮಗೆ ಕಣ್ಣು ಐದು ಜೊತೆ, ಒಟ್ಟು 10. ಹಾಗಂತ ಹೆಚ್ಚೇನೂ ಕಾಣೋದಿಲ್ಲ, ಬೆಳಕು ನೆರಳು ತಿಳಿದ್ರೆ ದೊಡ್ಡದು. ಹೊಟ್ಟೆಪಾಡು ನಡೆಯೋದು ನೆಲದ ಅದುರಿನಿಂದ, ಮೈಯ ಕಾವಿನಿಂದ, ಬಿಟ್ಟ ಉಸಿರಿನಿಂದ. ದನ ಬಂದ್ರೆ ನೆಲ ಒಂಥರಾ ಅದುರ್ತದೆ, ತೋಟದ ಕೆಲಸದ ಹೆಂಗಸರು ಬಂದ್ರೆ ಇನ್ನೊಂಥರಾ. ಬೆಂಗಳೂರಿನವರು ಬಂದ್ರೆ ಮೊದಲು ಸ್ಪೀಕರ್ ಅದುರ್ತದೆ, ನೆಲ ಆಮೇಲೆ. ಉಸಿರಿನ ಮಾತು ಕೇಳಲೇಬೇಡಿ. ವಾರವಿಡೀ ಲಿಫ್ಟಿನಲ್ಲಿ ಓಡಾಡಿದವರು ನಾಲ್ಕು ಹೆಜ್ಜೆ ಏರು ಹತ್ತಿ ಏದುಸಿರು ಬಿಟ್ರೆ ನಮ್ಮ ಇಡೀ ಕೇರಿಗೆ ಎಚ್ಚರ ಆಗ್ತದೆ.

ಪ್ರಶ್ನೆ: ಅವರೇನೂ ಸುಮ್ಮನೆ ಬರುವವರಲ್ಲ. ಎಷ್ಟೊಂದು ಯೋಜನೆ ಹಾಕಿಕೊಂಡು ಬರುತ್ತಾರೆ!

ಇಂಬಳ: ನನಗೆ ಹೇಳ್ತೀರಾ! ಆ ಯೋಜನೆಯ ಒಳಗೇ ಒಂದು ವಾರ ಕೂತು ಬಂದಿದ್ದೇನೆ. ಹೋದ ಆಷಾಢದಲ್ಲಿ ಒಬ್ಬ ಹುಡುಗನ ಸಾಕ್ಸ್ ಒಳಗಿದ್ದೆ. ಅವನು ಅದನ್ನ ಒದ್ದೆ ಒದ್ದೆಯೇ ಪ್ಲಾಸ್ಟಿಕ್ ಕವರಿಗೆ ತುರುಕಿ ಡಿಕ್ಕಿಗೆ ಎಸೆದ. ಕಾರು ಬೆಂಗಳೂರು ಸೇರ್ತು. ಆ ಕವರ್ ಬಿಚ್ಚೋ ಧೈರ್ಯ ಯಾರಿಗೂ ಬರ್ಲಿಲ್ಲ. ನಮಗೆ ತಂಪೊಂದು ಇದ್ರೆ ಸಾಕು, ತಿಂಗಳುಗಟ್ಟಲೆ ಉಪವಾಸ ಇರ್ತೇವೆ. ಮುಂದಿನ ಟ್ರಿಪ್ಪಿನ ಮಾತು ಪೂರ್ತಿ ಅಲ್ಲಿಂದಲೇ ಕೇಳಿದೆ.

ಗುಂಪಿಗೆ ‘ಮಲೆನಾಡು ಕನ್ಫರ್ಮ್’ ಅಂತ ಹೆಸರಿಟ್ರು. ಮೊದಲ ದಿನ ಎಲ್ಲರೂ ಹೆಬ್ಬೆರಳು ಎತ್ತಿದ್ರು. ಬುಧವಾರ ಒಬ್ಬನ ಅತ್ತೆಗೆ ಹುಷಾರಿಲ್ಲ, ಗುರುವಾರ ಒಬ್ಬನಿಗೆ ಆಫೀಸಿನಲ್ಲಿ ರಿಲೀಸ್. ಶುಕ್ರವಾರದ ಹೊತ್ತಿಗೆ ‘ಮಲೆನಾಡು ಕನ್ಫರ್ಮ್ 2’ ಅಂತ ಬೇರೆ ಗುಂಪಾಗಿ ಅದರಲ್ಲಿ ನಾಲ್ಕು ಜನ ಉಳಿದ್ರು. ಆ ನಾಲ್ವರಲ್ಲಿ ಒಬ್ಬ ಎಕ್ಸೆಲ್ ಶೀಟ್ ಮಾಡಿದ. ಬೆಳಿಗ್ಗೆ 4ಕ್ಕೆ ಹೊರಡೋದು, 7.30ಕ್ಕೆ ಹಾಸನದಲ್ಲಿ ತಿಂಡಿ, ಬೇಲೂರಿನಲ್ಲಿ ದೇವಸ್ಥಾನ 40 ನಿಮಿಷ, ಸಂಜೆ 6.45ಕ್ಕೆ ದೇವರಮನೆಯಲ್ಲಿ ಸೂರ್ಯಾಸ್ತ. ಆಷಾಢದಲ್ಲಿ ಮಾರಾಯ್ರೆ, ದೇವರಮನೆಯಲ್ಲಿ! ಆ ತಿಂಗಳು ಸೂರ್ಯ ಎಲ್ಲಿರ್ತಾನೆ ಅಂತ ಹತ್ತು ಕಣ್ಣಿರೋ ನನಗೇ ಗೊತ್ತಿಲ್ಲ.

ಪ್ರಶ್ನೆ: ನಾಲ್ಕಕ್ಕೆ ಹೊರಟಿರಾ?

ಇಂಬಳ: ಕಾರು ಜೆ.ಪಿ. ನಗರದಲ್ಲಿತ್ತು. ಒಬ್ಬ ಇದ್ದದ್ದು ವೈಟ್‌ಫೀಲ್ಡಿನಲ್ಲಿ. ಹೋಗಬೇಕಾದ್ದು ಪಡುವಣಕ್ಕೆ, ಮೊದಲು ಮೂಡಣಕ್ಕೆ ಹೋಗಿ ಅವನನ್ನ ಎಬ್ಬಿಸಿ, ಅವನು ಸ್ನಾನ ಮಾಡಿ, ಪವರ್ ಬ್ಯಾಂಕ್ ಹುಡುಕಿ, ಆಮೇಲೆ ಇಡೀ ಊರನ್ನ ಈ ತುದಿಯಿಂದ ಆ ತುದಿಗೆ ಸೀಳಿಕೊಂಡು ಗೊರಗುಂಟೆಪಾಳ್ಯ. ನೆಲಮಂಗಲ ದಾಟಿದಾಗ ಒಬ್ಬ ಕಿಟಕಿ ಇಳಿಸಿ ‘ಆಹಾ, ಫ್ರೆಶ್ ಏರ್’ ಅಂದ. ಮುಂದೆ ಸಿಮೆಂಟ್ ಲಾರಿ ಹೋಗ್ತಿತ್ತು.

ಊರಿನಿಂದ ಮೂಡಿಗೆರೆಗೆ 250 ಕಿಲೋಮೀಟರ್ ಆಸುಪಾಸು. ಹಾಸನದವರೆಗೆ 75ನೇ ಹೆದ್ದಾರಿ ಚೆನ್ನಾಗೇ ಇದೆ, ಯಡಿಯೂರು, ಬೆಳ್ಳೂರು ಕ್ರಾಸ್, ಚನ್ನರಾಯಪಟ್ಟಣ ಎಲ್ಲ ಕಣ್ಣುಮುಚ್ಚಿ ತೆಗೆಯೋದರೊಳಗೆ ಹೋಗ್ತವೆ. ಇವರಿಗೆ ಹೋಗ್ಲಿಲ್ಲ. ಒಬ್ಬನಿಗೆ ತಟ್ಟೆ ಇಡ್ಲಿ ಬೇಕು, ಒಬ್ಬನಿಗೆ ಟಾಯ್ಲೆಟ್ ಬೇಕು, ಒಬ್ಬನಿಗೆ ಅವನ ಮ್ಯಾನೇಜರ್ ಬೇಕು. ಲ್ಯಾಪ್‌ಟಾಪ್ ತೊಡೆ ಮೇಲಿಟ್ಟುಕೊಂಡು ‘ಮನೆಯಿಂದಲೇ ಕೆಲಸ ಮಾಡ್ತಿದ್ದೀನಿ’ ಅಂತಿದ್ದ. ಹಿಂದಿನಿಂದ ಕೆಎಸ್‌ಆರ್‌ಟಿಸಿ ಬಸ್ಸು ಹಾರ್ನ್ ಹಾಕಿದ್ದಕ್ಕೆ ‘ನಮ್ಮ ಮನೆ ಬಸ್‌ಸ್ಟ್ಯಾಂಡ್ ಹತ್ರ ಸರ್’ ಅಂದ.

ಪ್ರಶ್ನೆ: ದಾರಿಯಲ್ಲಿ ಟೋಲ್...

ಇಂಬಳ: ಬಂದೇ ಬರ್ತೀರಿ ಅಂತ ಗೊತ್ತಿತ್ತು ಆ ಮಾತಿಗೆ. ‘ರಕ್ತ ಹೀರ್ತಾರೆ’ ಅಂತ ಡಿಕ್ಕಿಯಲ್ಲಿ ನಾನಿರುವಾಗಲೇ ಬೈದ್ರು. ಆ ಬೈಗುಳದಲ್ಲಿ ನಮ್ಮ ಕುಲವನ್ನ ಎಳೆಯೋದು ನನಗೆ ಹಿಡಿಸೋದಿಲ್ಲ. ನಾವು ಹೊಟ್ಟೆ ತುಂಬಿದ ಮೇಲೆ ನಾವಾಗಿಯೇ ಉದುರ್ತೇವೆ. ಫಾಸ್ಟ್ಯಾಗ್ 2021ರಲ್ಲಿ ಕಡ್ಡಾಯ ಆಯ್ತು, ಅದು ಉದುರಿದ್ದನ್ನ ನೀವು ನೋಡಿದ್ದೀರಾ?

ಪ್ರಶ್ನೆ: ಆದರೂ ಅವರು ಬರುವುದು ಪ್ರಕೃತಿಯ ಜತೆ ಬೆರೆಯಲು ಅಂತ.

ಇಂಬಳ: ಅಲ್ಲ ಮಾರಾಯ್ರೆ, ಬೆರೆಯೋಕೆ ಹೋದದ್ದು ನಾನೊಬ್ಬನೇ, ನಾನೊಬ್ಬಳೇ. ನಾನು ಬೆರೆತ ಕೂಡಲೇ ಕಿರುಚಿದ್ರು. ಮಂಜು ದೂರದಲ್ಲಿರಬೇಕು, ಕಾಡು ಗಾಜಿನ ಆಚೆ ಇರಬೇಕು, ಮಳೆ ಫೋಟೊ ಮುಗಿದ ಮೇಲೆ ಬರಬೇಕು. ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಅಂತೀರಿ. ಇವರು ಹತ್ತಿರ ಬಂದ ಮೇಲೂ ಫೋನಿನಲ್ಲಿ ಫಿಲ್ಟರ್ ಹಾಕಿ ನುಣ್ಣಗೆ ಮಾಡ್ಕೊಳ್ತಾರೆ. ‘ಯಾರಿಗೂ ಗೊತ್ತಿಲ್ಲದ ಜಾಗ’ ಅಂತ ರೀಲ್ಸ್ ನೋಡಿ ಬಂದವರು ಕಾರು ನಿಲ್ಲಿಸೋಕೆ ಜಾಗ ಇಲ್ಲದೆ ಜಗಳ ಆಡ್ತಿದ್ರು. ಪಕ್ಕದಲ್ಲೇ ಕಾಲಭೈರವೇಶ್ವರನ ಗುಡಿ. ಅದರ ಹತ್ತಿರ ಬಾಟ್ಲಿ ಒಡೆದು ಹೋಗೋರಿಗೆ ಊರವರು ಬುದ್ಧಿ ಹೇಳಿ ಸುಸ್ತಾಗಿದ್ದಾರೆ. ಆ ಚೂರಿನ ಮೇಲೆ ಹರಿದಾಡೋ ನಮ್ಮ ಹೊಟ್ಟೆ ಗತಿ ಯಾರೂ ಕೇಳೋದಿಲ್ಲ ಬಿಡಿ.

ಪ್ರಶ್ನೆ: ಎಚ್ಚರಿಕೆಯ ಫಲಕ ಇರುತ್ತದಲ್ಲ?

ಇಂಬಳ: ಫಲಕದ ಎದುರು ನಿಂತು ಫೋಟೊ ತೆಗೆಸ್ಕೊಳ್ತಾರೆ. 2024ರ ಜುಲೈಯಲ್ಲಿ ಚಾರ್ಮಾಡಿ ಕಡೆ ಏನಾಯ್ತು, ಪೇಪರಿನಲ್ಲಿ ಓದಿರ್ತೀರಿ. ನೀರಿಗಿಳೀಬೇಡಿ ಅಂದ್ರೂ ಕೇಳದೆ ಹುಡುಗರು ಜಲಪಾತಕ್ಕೆ ಇಳಿದ್ರು. ಪೊಲೀಸರು ಬಂದು ಬೈಯ್ಯಲಿಲ್ಲ, ಹೊಡೀಲಿಲ್ಲ, ದಡದ ಮೇಲಿದ್ದ ಬಟ್ಟೆ ಎತ್ತಿಕೊಂಡು ಹೊರಟ್ರು. ಹುಡುಗರು ಚಡ್ಡಿಯಲ್ಲಿ ‘ಸಾರ್ ಸಾರ್’ ಅಂತ ಜೀಪಿನ ಹಿಂದೆ. ಅಷ್ಟು ಕಾಲು, ಅಷ್ಟು ತೊಡೆ, ಮಧ್ಯೆ ಒಂದು ನೂಲಿನ ಅಡ್ಡಿಯಿಲ್ಲ. ಪೊಲೀಸ್ ಇಲಾಖೆ ನಮ್ಮ ಕುಲಕ್ಕೆ ಮಾಡಿದ ಉಪಕಾರ ಅದು.

ಪ್ರಶ್ನೆ: ಇಲ್ಲಿನವರಿಗೂ ಕಚ್ಚುತ್ತೀರಲ್ಲ, ಅವರೇನೂ ಕಿರುಚುವುದಿಲ್ಲವೆ?

ಇಂಬಳ: ಎಸ್ಟೇಟಿನಲ್ಲಿ ಕಳೆ ತೆಗೆಯೋ ಹೆಂಗಸರ ಹತ್ತಿರ ನಮ್ಮ ಆಟ ನಡೆಯೋದಿಲ್ಲ. ಕಡ್ಡಿ ತುದಿಗೆ ಉಪ್ಪಿನ ಗಂಟು ಕಟ್ಟಿಕೊಂಡಿರ್ತಾರೆ, ಇಲ್ಲಾ ಎಲೆಯಡಿಕೆ ಸುಣ್ಣ ಇರ್ತದೆ, ಹೊಗೆಸೊಪ್ಪು ಇರ್ತದೆ. ಮುಟ್ಟಿಸಿದ್ರೆ ಮುಗೀತು. ಅದೂ ಇಲ್ಲದಿದ್ರೆ ಬೆರಳಿನಲ್ಲಿ ಹಿಡಿದು ಉಂಡೆ ಮಾಡಿ ಟಪ್ ಅಂತ ಹಾರಿಸ್ತಾರೆ. ಮಾತು ಅಷ್ಟೂ ಹೊತ್ತು ಮಗಳ ಫೀಸಿನದ್ದು, ಹಿಂದಿನ ರಾತ್ರಿ ಗದ್ದೆಗೆ ಇಳಿದ ಆನೆಯದ್ದು. ಆನೆ ಕಂಡ ಅವರಿಗೆ ನಾನೊಂದು ಲೆಕ್ಕವಾ? ಅದೇ ಕಾರಿನವರು ರಸ್ತೆ ಬದಿ ಆನೆ ನಿಂತಿದ್ರೆ ಬಾಗಿಲು ತೆಗೆದು ಇಳೀತಾರೆ, ನನ್ನನ್ನ ಕಂಡ್ರೆ ಬಾಗಿಲು ಹಾಕ್ಕೊಳ್ತಾರೆ. ಭಯದ ಲೆಕ್ಕವೇ ತಲೆಕೆಳಗು.

ಪ್ರಶ್ನೆ: ನೀವು ಕಚ್ಚಿದರೆ ರಕ್ತ ನಿಲ್ಲುವುದೇ ಇಲ್ಲವಲ್ಲ. (ನನ್ನ ಕಾಲಿನ ಕಡೆ ನೋಡಿಕೊಂಡು ಕೇಳಿದ್ದು.)

ಇಂಬಳ: ಮೂರು ದವಡೆ ಇಟ್ಟು ಕಚ್ಚುವಾಗ ಎಂಜಲು ಬಿಡ್ತೇವೆ, ಅದು ರಕ್ತ ಹೆಪ್ಪುಗಟ್ಟದ ಹಾಗೆ ನೋಡಿಕೊಳ್ತದೆ. ಕಿತ್ತು ಎಸೆದ್ರೂ ಸ್ವಲ್ಪ ಹೊತ್ತು ಸೋರ್ತದೆ, ಗಾಬರಿ ಬೇಡ. ಸೋಪು ನೀರು ಹಾಕಿ ತೊಳೀರಿ, ತುರಿಸ್ಬೇಡಿ. ನೀರಿನಲ್ಲಿರೋ ನಮ್ಮ ನೆಂಟರು, ಜಿಗಣೆಗಳು, ಅವರದ್ದು ನೋಡಿ ಪುಣ್ಯ. ಸುಶ್ರುತ ಅವರಿಗಾಗಿ ಒಂದು ಅಧ್ಯಾಯವನ್ನೇ ಬರೆದಿದ್ದಾನೆ, ವಿಷದವು ಆರು, ವಿಷವಿಲ್ಲದವು ಆರು ಅಂತ ಜಾತಿ ವಿಂಗಡಿಸಿ. ಈಗಲೂ ಜನ ಆಯುರ್ವೇದದ ಆಸ್ಪತ್ರೆಯಲ್ಲಿ ದುಡ್ಡು ಕೊಟ್ಟು, ಟೋಕನ್ ತಗೊಂಡು ಕೂತು ಅವರಿಂದ ಕಚ್ಚಿಸ್ಕೊಳ್ತಾರೆ. ನಾನು ಪುಕ್ಕಟೆ ಬಂದು ಕಚ್ಚಿದ್ರೆ ಲೈಟರ್ ಹುಡುಕ್ತಾರೆ.

ಪ್ರಶ್ನೆ: ಮೂಡಿಗೆರೆಯೆಂದರೆ ತೇಜಸ್ವಿಯವರ ಊರು. ನಿಮಗೂ ಸಾಹಿತ್ಯದ ನಂಟು ಇರಬೇಕು.

ಇಂಬಳ: ಹಾರುವ ಓತಿಯನ್ನ ಹುಡುಕಿಕೊಂಡು ಹೋದ ಕಥೆ ಅವರ ‘ಕರ್ವಾಲೊ’. 1980ರ ಪುಸ್ತಕ, ಇನ್ನೂ ಅಚ್ಚಾಗ್ತಾನೇ ಇದೆ. ಆ ಓತಿ ಕಣ್ಣಿಗೆ ಬೀಳೋದೇ ಅಪರೂಪ, ಅದಕ್ಕೆ ಇಡೀ ಕಾದಂಬರಿ. ಹುಡುಕದೇನೇ ಸಿಗೋ ನಮಗೆ? ಕೊಟ್ಟಿಗೆಹಾರದಲ್ಲಿ ಅವರ ಹೆಸರಿನ ಪ್ರತಿಷ್ಠಾನ ಇದೆ. ಕಾರಿನವರು ಅದೇ ಊರಲ್ಲಿ ನಿಲ್ಲಿಸ್ತಾರೆ, ನೀರುದೋಸೆ ತಿಂತಾರೆ, ದೋಸೆಗೆ ಫೋಟೊ ತೆಗೀತಾರೆ. ಹೊರಡ್ತಾರೆ.

ಪ್ರಶ್ನೆ: ರಸ್ತೆಗಳು ಇನ್ನಷ್ಟು ಅಗಲವಾದರೆ ಬರುವವರಿಗೆ ಅನುಕೂಲವಾಗುತ್ತದೆ, ನಿಮಗೂ ವ್ಯಾಪಾರ ಹೆಚ್ಚುತ್ತದೆ.

ಇಂಬಳ: ಇಲ್ಲಿ ಸ್ವಲ್ಪ ಹೀರೋದು ನಿಲ್ಲಿಸಿ ಮಾತಾಡ್ತೇನೆ. ನಮ್ಮ ಈ ಗುಡ್ಡ ನಿಂತಿರೋದು ಮರದ ಬೇರು, ಹುಲ್ಲಿನ ಬೇರಿನ ಹಿಡಿತದಲ್ಲಿ. ಮಳೆ ನೀರು ಮಣ್ಣೊಳಗೆ ನಿಧಾನಕ್ಕೆ ಇಳಿದು ಎಲ್ಲೋ ಕೆಳಗೆ ಝರಿಯಾಗಿ ಹೊರಡ್ತದೆ. ಅದರ ಕಾಲಬುಡವನ್ನ ಜೆಸಿಬಿ ಹಚ್ಚಿ ಗೋಡೆ ಹಾಗೆ ನೆಟ್ಟಗೆ ಕಡಿದ್ರೆ ಮೇಲಿನ ಮಣ್ಣು ಯಾವ ಆಧಾರದ ಮೇಲೆ ಕೂರಬೇಕು? 2019ರ ಆಗಸ್ಟಿನಲ್ಲಿ ಚಾರ್ಮಾಡಿ ಅಲ್ಲಲ್ಲಿ ಕುಸಿದು ರಸ್ತೆಯೇ ಮುಚ್ಚಿತ್ತು. ಶಿರಾಡಿಯದ್ದು ಮಳೆಗಾಲದ ಸುದ್ದಿ, ಒಂದಲ್ಲ ಒಂದು ಕಡೆ ಮಣ್ಣು ಬಿದ್ದೇ ಬೀಳ್ತದೆ. ಬೆಟ್ಟ ನೋಡೋಕೆ ಅರ್ಧ ಗಂಟೆ ಬೇಗ ಬರಬೇಕು ಅಂತ ಬೆಟ್ಟವನ್ನೇ ಕಡೀತೀರಿ. ಅದೂ ನಿಮ್ಮನ್ನ ನೋಡೋಕೆ ರಸ್ತೆಗೆ ಇಳೀತದೆ. ಆಗುಂಬೆಯ 14 ತಿರುವಿನಲ್ಲಿ ದೊಡ್ಡ ಲಾರಿ ಬಿಡೋದಿಲ್ಲ, ಆದ್ರೂ ಜನ ಬದುಕಿದ್ದಾರಲ್ಲ. ವ್ಯಾಪಾರದ ಮಾತು ಹೇಳಿದ್ರಿ. ಮಣ್ಣು ಬಿದ್ದು ಕಾಂಕ್ರೀಟ್ ಹಾಕಿದ ಮೇಲೆ ತರಗೆಲೆ ಎಲ್ಲಿ, ತಂಪೆಲ್ಲಿ? ಬಿಸಿಲಿಗೆ ಬಿದ್ದ ಇಂಬಳ ಬೇಗ ಒಣಗಿ ಸಾಯ್ತದೆ. ನನಗೆ ಗಿರಾಕಿ ಇದ್ದು ಏನಾಗಬೇಕು?

ಪ್ರಶ್ನೆ: ಮುಳ್ಳಯ್ಯನಗಿರಿಗೆ ಹೋಗುವ ವಾಹನಗಳಿಗೆ ಈಗ ಮುಂಗಡ ನೋಂದಣಿ ಇದೆ. ಇದು ಸರಿಯೆ?

ಇಂಬಳ: ಸರಿಯೇ. ಆದ್ರೆ ಅಲ್ಲಿ ಸ್ಲಾಟ್ ಸಿಗದವರು ತಿರುಗಿ ಮನೆಗೆ ಹೋಗ್ತಾರೆ ಅಂತ ತಿಳಿದ್ರೆ ಅದು ನಿಮ್ಮ ತಪ್ಪು. ‘ಪ್ಲಾನ್ ಬಿ’ ಅಂತ ಒಂದು ಇರ್ತದೆ. ಎಕ್ಸೆಲ್ಲಿನ ಎರಡನೇ ಹಾಳೆ ಅದು. ಅದರಲ್ಲಿ ಮೊದಲ ಹೆಸರೇ ನಮ್ಮ ಊರು.

ಪ್ರಶ್ನೆ: ಆ ನಾಲ್ವರ ಕಥೆ ಮುಗಿಸಲೇ ಇಲ್ಲ.

ಇಂಬಳ: ಏನಿದೆ ಮುಗಿಸೋಕೆ? ಇಲ್ಲಿಗೆ ಮುಟ್ಟಿದಾಗ ಐದೂವರೆ. ಮಂಜು ಎಷ್ಟಿತ್ತೆಂದ್ರೆ ಡ್ರೋನ್ ಹಾರಿಸಿದವನಿಗೆ ಡ್ರೋನೇ ಕಾಣ್ಲಿಲ್ಲ. ಮ್ಯಾಗಿ ತಿಂದ್ರು. ಬೇರೆ ಸಾಕ್ಸ್ ಹುಡುಕೋಕೆ ಆ ಹುಡುಗ ಡಿಕ್ಕಿಯ ಕವರ್ ಬಿಚ್ಚಿದ, ನಾನು ಇಳಿದೆ. ಒಂದು ವಾರದ ಹಸಿವು ಬೇರೆ. ರಾತ್ರಿ ಹೋಂಸ್ಟೇಯಲ್ಲಿ ಕೂತು ಪೆಟ್ರೋಲು, ಟೋಲು, ತಿಂಡಿ ಎಲ್ಲ ಆ್ಯಪ್‌ನಲ್ಲಿ ಹಾಕಿ ನಾಲ್ಕು ಭಾಗ ಮಾಡೋಕೆ ಹೋಗಿ, ಮ್ಯಾಗಿ ತಿನ್ನದವನು ಮ್ಯಾಗಿಯ ಪಾಲು ಕೊಡಲ್ಲ ಅಂತ ಮುನಿಸಿಕೊಂಡ. ನಮ್ಮ ಮನೆಯವರು ಮಾತ್ರ ನಾಲ್ವರಿಂದಲೂ ಸಮಪಾಲು ತಗೊಂಡಿದ್ರು, ತಕರಾರೇ ಬರ್ಲಿಲ್ಲ.

ಪ್ರಶ್ನೆ: ಕೊನೆಯದಾಗಿ, ಮುಂದಿನ ವಾರ ಬರುವವರಿಗೆ ಏನಾದರೂ ಸಲಹೆ?

ಇಂಬಳ: ಚಡ್ಡಿ ಹಾಕ್ಕೊಂಡು ಬನ್ನಿ. ಬೆನ್ನು ನೆಲಕ್ಕೆ ಹಚ್ಚಿ ಹುಲ್ಲಿನ ಮೇಲೆ ಮಲಗಿ, ವಿಡಿಯೊದಲ್ಲಿ ಚೆನ್ನಾಗಿ ಬರ್ತದೆ. ಉಪ್ಪು ಆರೋಗ್ಯಕ್ಕೆ ಒಳ್ಳೇದಲ್ಲ, ಮನೆಯಲ್ಲೇ ಬಿಟ್ಟು ಬನ್ನಿ... ಸಾಕು ಮಾರಾಯ್ರೆ, ಹೊಟ್ಟೆ ಬಿರೀತಿದೆ, ಇಳೀತೇನೆ. ತಡೀರಿ, ಎಂತದು ಆ ಸದ್ದು? ಟೆಂಪೊ ಟ್ರಾವೆಲರ್ರಾ? ಬೆಂಗಳೂರಿನದ್ದೇ, ಸ್ಪೀಕರ್ ಕೇಳ್ತಿದೆ. ಏಯ್ ಮಕ್ಕಳಾ, ಏಳ್ರೋ, 12 ಸೀಟು, 24 ಕಾಲು! ಡ್ರೈವರಿನ ತಂಟೆಗೆ ಮಾತ್ರ ಹೋಗಬೇಡಿ, ಅವನು ಸಕಲೇಶಪುರದವನು, ಕಿಸೆಯಲ್ಲಿ ಸುಣ್ಣದ ಡಬ್ಬಿ ಇರ್ತದೆ.