ಹೆಬ್ಬೆರಳಿನ ಹಂಗಿಲ್ಲದ ಚಾಕು

ಚಾಕು ಕೊಳ್ಳಲು ಹೋದವರು ಅಲಗಿನ ಮೇಲೆ ಬೆರಳಾಡಿಸಿ "ಹರಿತ ಇದೆಯಾ?" ಎಂದು ಕೇಳುವುದು ವಾಡಿಕೆ. ಮಡಚುವ ಚಾಕುವಿನ ವಿಷಯದಲ್ಲಿ ಇದು ಎರಡನೆಯ ಪ್ರಶ್ನೆ. ಎಂಥ ಹರಿತದ ಅಲಗಾದರೂ ಹಿಡಿಯೊಳಗಿಂದ ಹೊರಗೇ ಬಾರದಿದ್ದರೆ ಅದರಿಂದ ಸೀಬೆಹಣ್ಣು ಹೋಳಾಗುವುದಿಲ್ಲ, ಸೆಣಬಿನ ದಾರ ತುಂಡಾಗುವುದಿಲ್ಲ. ಅರವತ್ತು ದಾಟಿ, ಬೆರಳಗಂಟು ಊದಿಸಿಕೊಂಡ ನನ್ನಂಥವರು ಮೊದಲು ಕೇಳಬೇಕಾದದ್ದು "ಇದು ಬಾಯಿ ಬಿಡುತ್ತದೆಯೇ?" ಎಂದು. ಹಾಗಾಗಿ ನಾನು ಅಲಗು ನೋಡುವುದಿಲ್ಲ, ಕೀಲು ನೋಡುತ್ತೇನೆ. ಕೀಲು ಸವೆದವಳು ಕೀಲು ನೋಡಿ ವ್ಯಾಪಾರ ಮಾಡುವುದು ನ್ಯಾಯವೇ ತಾನೆ?

"ಈ ವಯಸ್ಸಲ್ಲಿ ನಿಂಗೆ ಚಾಕು ಎಂತಕ್ಕೆ ಮಾರಾಯ್ತಿ? ಯಾರ ಮೇಲೆ ಅಷ್ಟು ಸಿಟ್ಟು?" ಎಂದು ನಮ್ಮ ಯಜಮಾನರು ಕೇಳಿದರು. ಸಿಟ್ಟು ಇದ್ದದ್ದು ಪ್ಲಾಸ್ಟಿಕ್ಕಿನ ಮೇಲೆ. ಹಾಲು, ಬಿಸ್ಕತ್ತು, ಶಾವಿಗೆ, ಹಪ್ಪಳ, ಕೊರಿಯರಿನವನು ತರುವ ಡಬ್ಬ, ಎಲ್ಲವೂ ಈಗ ಬಾಯಿಗೆ ಬೀಗ ಹಾಕಿಕೊಂಡೇ ಮನೆಗೆ ಬರುತ್ತವೆ. ಕೆಲವು ಪೊಟ್ಟಣಗಳ ಮೂಲೆಯಲ್ಲಿ ಬಾಣದ ಗುರುತು ಹಾಕಿ "ಇಲ್ಲಿ ಹರಿಯಿರಿ" ಎಂದು ಬರೆದಿರುತ್ತಾರೆ. ಅಲ್ಲಿ ಹಿಡಿದೆಳೆದರೆ ಅಲ್ಲೊಂದು ಬಿಟ್ಟು ಬೇರೆಲ್ಲ ಕಡೆ ಹರಿಯುತ್ತದೆ. ಹಿಂದೆ ಇಂಥ ಕೆಲಸಕ್ಕೆ ಹಲ್ಲಿತ್ತು. ಈಗ ಹಲ್ಲಿನ ಡಾಕ್ಟರರು ಅದಕ್ಕೂ ತಡೆಯಾಜ್ಞೆ ತಂದಿದ್ದಾರೆ. ಎಲ್ಲಕ್ಕಿಂತ ಸೋಜಿಗವೆಂದರೆ ಕೀಲುನೋವಿನ ಔಷಧಿಯ ಡಬ್ಬಿ. ಮುಚ್ಚಳವನ್ನು ಮೊದಲು ಒತ್ತಬೇಕು, ಒತ್ತಿ ಹಿಡಿದುಕೊಂಡೇ ತಿರುಗಿಸಬೇಕು. ಮಕ್ಕಳ ಕೈಗೆ ಸಿಗಬಾರದೆಂದು ಮಾಡಿದ ಏರ್ಪಾಡಂತೆ. ನಮ್ಮ ಮೊಮ್ಮಗಳು ಅದನ್ನು ಕಣ್ಣು ಮಿಟುಕಿಸುವುದರಲ್ಲಿ ತೆಗೆದುಕೊಡುತ್ತಾಳೆ.

ನಮ್ಮ ಮೂಳೆ ಡಾಕ್ಟರು ಎಕ್ಸ್‌ರೇ ಹಾಳೆಯನ್ನು ಬೆಳಕಿಗೆ ಹಿಡಿದು "ಸವೆತ" ಎಂದಷ್ಟೇ ಹೇಳಿ ಮುಗಿಸುವವರಿದ್ದರು. ನಾನು ಬಿಡಲಿಲ್ಲ. ಆಗ ತಿಳಿಯಿತು: ಬೆರಳಿನ ತುದಿಯ ಕೀಲು ಗಂಟು ಕಟ್ಟಿದರೆ ಅದಕ್ಕೆ ಹೆಬರ್ಡನ್ ಗಂಟು ಎಂದು ಹೆಸರು, ವಿಲಿಯಂ ಹೆಬರ್ಡನ್ ಹದಿನೆಂಟನೆಯ ಶತಮಾನದ ಇಂಗ್ಲಿಷ್ ವೈದ್ಯ. ನಡುವಿನ ಕೀಲು ಗಂಟು ಕಟ್ಟಿದರೆ ಬೂಷಾರ್ ಗಂಟು, ಆತ ಫ್ರಾನ್ಸಿನವನು. ಪಾಸ್‌ಪೋರ್ಟನ್ನೇ ಮಾಡಿಸದ ನನ್ನ ಒಂದೇ ಕೈಯಲ್ಲಿ ಇಂಗ್ಲೆಂಡೂ ಫ್ರಾನ್ಸೂ ಬಂದು ಕೂತಿವೆ ಎಂದು ನೆನೆದರೆ ನೋವಿನಲ್ಲೂ ಸ್ವಲ್ಪ ಹೆಮ್ಮೆಯಾಗುತ್ತದೆ. ಆದರೆ ನಿಜವಾದ ಕಿರುಕುಳ ಇವೆರಡರದ್ದಲ್ಲ, ಹೆಬ್ಬೆರಳಿನ ಬುಡದ ಕೀಲಿನದು. ಹೆಬ್ಬೆರಳು, ತೋರುಬೆರಳು ಸೇರಿಸಿ ತುದಿಯಲ್ಲಿ ಒಂದು ಕಿಲೋ ಬಲದಿಂದ ಚಿವುಟಿದರೆ ಬುಡದಲ್ಲಿ ಬೀಳುವ ಭಾರ ಸುಮಾರು 12 ಕಿಲೋ. ಇಂಥ ಲೆಕ್ಕವನ್ನು ಮೀಟರ್ ಬಡ್ಡಿಯವರೂ ಹಾಕುವುದಿಲ್ಲ. ಮಡಚುವ ಚಾಕು ತೆರೆಯುವುದೆಂದರೆ ಹೀಗೆ ಚಿವುಟುವುದೇ.

"ಹಳೇ ಕಾಲದ ಈಳಿಗೆಮಣೆ ಇಲ್ವಾ?" ಎಂದು ನಮ್ಮ ಅತ್ತಿಗೆ ನೆನಪಿಸಿದರು. ಅವರ ಮಾತಿನಲ್ಲಿ ಹುರುಳಿದೆ. ಈಳಿಗೆಮಣೆಯಲ್ಲಿ ಅಲಗು ಅಲುಗದೆ ನಿಂತಿರುತ್ತದೆ, ತರಕಾರಿಯೇ ಅದರ ಬಳಿ ಹೋಗಬೇಕು. ಹಿಡಿ ಹಿಡಿಯುವ, ಚಿವುಟುವ ಕೆಲಸವೇ ಇಲ್ಲ. ಬಲವೆಲ್ಲ ಭುಜದ್ದು, ಮಣೆಯನ್ನು ಒತ್ತಿ ಹಿಡಿಯುವ ಹೊಣೆ ಕಾಲಿನದು. ಕೈಯ ಕೀಲಿಗೆ ಇದಕ್ಕಿಂತ ದಯಾಳುವಾದ ಸಾಧನವನ್ನು ಯಾರೂ ಮಾಡಿಲ್ಲ. ಕಷ್ಟವೇನೆಂದರೆ ಅದಕ್ಕೆ ನೆಲದ ಮೇಲೆ ಕೂರಬೇಕು, ಕೂತವರು ಏಳಬೇಕು. ಕೈ ಉಳಿಸಲು ಹೋಗಿ ಮಂಡಿ ಕಳೆದುಕೊಳ್ಳುವ ವ್ಯವಹಾರ. ಮೇಲಾಗಿ ಶಿವಮೊಗ್ಗದಿಂದ ಬೆಂಗಳೂರಿಗೆ ಹೋಗುವ ರೈಲಿನಲ್ಲಿ ವ್ಯಾನಿಟಿ ಬ್ಯಾಗಿನಿಂದ ಈಳಿಗೆಮಣೆ ಹೊರತೆಗೆಯುವ ಧೈರ್ಯ ನನಗಿಲ್ಲ.

ಅಳಿಯ ವಿದೇಶದಿಂದ ತಂದುಕೊಟ್ಟ ಕೆಂಪು ಸ್ವಿಸ್ ಚಾಕು ಮನೆಯಲ್ಲಿತ್ತು. ಕಾರ್ಲ್ ಎಲ್ಸೆನರ್ ಎಂಬಾತ ಸ್ವಿಟ್ಜರ್ಲೆಂಡಿನ ಈಬಾಖ್ ಎಂಬ ಹಳ್ಳಿಯಲ್ಲಿ 1884ರಲ್ಲಿ ಕಾರ್ಖಾನೆ ತೆರೆದು, 1897ರಲ್ಲಿ ಸೇನೆಯ ಅಧಿಕಾರಿಗಳಿಗೆಂದು ರೂಪಿಸಿದ ಚಾಕುವಿನ ವಂಶದ ಕುಡಿ ಅದು. ಕತ್ತರಿ, ಗರಗಸ, ಬಿರಡೆ ತೆಗೆಯುವ ಸುರುಳಿ, ಹಲ್ಲುಕಡ್ಡಿ, ಏನುಂಟು ಏನಿಲ್ಲ! ಪ್ರತಿಯೊಂದು ಅಲಗಿನ ಬೆನ್ನಿನ ಹತ್ತಿರ ಉಗುರು ಸಿಕ್ಕಿಸಲು ಒಂದು ಸಣ್ಣ ಗೀರು. ಹಿಂದಿನ ಸ್ಪ್ರಿಂಗು ಅಲಗನ್ನು ಒಳಕ್ಕೆ ಎಳೆಯುತ್ತಿರುವಾಗ ನಾವು ಉಗುರಿನಿಂದ ಅದನ್ನು ಹೊರಕ್ಕೆ ಎಳೆಯಬೇಕು. ಚಾಕು ಸಂಗ್ರಹಿಸುವ ಹುಚ್ಚಿನವರು ಸ್ಪ್ರಿಂಗು ತೀರಾ ಬಿಗಿಯಾದ ಚಾಕುವನ್ನು "ನೇಲ್ ಬ್ರೇಕರ್" ಎಂದೇ ಕರೆಯುತ್ತಾರೆ. ಉಗುರನ್ನೇ ಆಯುಧ ಮಾಡಿಕೊಂಡವನು ನರಸಿಂಹ. ಅವನಿಗೆ ಅಷ್ಟು ಗಟ್ಟಿ ಉಗುರು ಇದ್ದುದರಿಂದಲೇ ಚಾಕು ಬೇಕಾಗಲಿಲ್ಲ. ಉಗುರು ಗಟ್ಟಿ ಇದ್ದವರಿಗೆ ಮಾತ್ರ ತೆರೆಯುವ ಚಾಕು, ಚಾಕು ಬೇಡದವರಿಗೆಂದೇ ಮಾಡಿದ ಚಾಕು ಎಂಬುದು ನನ್ನ ಸಿದ್ಧಾಂತ. ಹಲ್ಲುಕಡ್ಡಿಯೊಂದು ಮಾತ್ರ ನನಗೆ ಸಲೀಸಾಗಿ ಹೊರಬಂತು. ಹಲ್ಲೇ ಉಳಿಯದ ಕಾಲಕ್ಕೆ.

ಹೀಗಾಗಿ ಶಿವಮೊಗ್ಗದ ಗಾಂಧಿ ಬಜಾರಿಗೆ ಹೋದೆ. "ಯಾರಿಗೆ ಬೇಕಿತ್ತಮ್ಮ?" ಎಂದ ಅಂಗಡಿಯ ಹುಡುಗ. "ನಂಗೇ" ಎಂದೆ. ಅವನು ಒಮ್ಮೆ ನನ್ನ ಬಿಳಿಕೂದಲು ನೋಡಿ, ಒಮ್ಮೆ ಹಿಂದೆ ನಿಂತಿದ್ದ ಯಜಮಾನರನ್ನು ಅನುಕಂಪದಿಂದ ನೋಡಿ, ಒಂದು ಚಾಕು ತೆಗೆದು ಟಕ್ಕನೆ ಬಿಚ್ಚಿ ಕಾಗದವನ್ನು ಎಳೆಎಳೆಯಾಗಿ ಕತ್ತರಿಸಿ ತೋರಿಸಿದ. "ನೋಡಿ, ಎಷ್ಟು ಈಸಿ!" ಇಪ್ಪತ್ತರ ಹರೆಯದ ಹೆಬ್ಬೆರಳಿಗೆ ಯಾವುದು ತಾನೇ ಈಸಿ ಅಲ್ಲ? "ಚಾಕು ಚೆನ್ನಾಗಿದೆ, ನಿನ್ನ ಹೆಬ್ಬೆರಳನ್ನೂ ಇದರ ಜೊತೆ ಕೊಡ್ತೀಯೇನಪ್ಪ?" ಎಂದೆ. ಆಮೇಲೆ ಅವನು ತೋರಿಸುವುದನ್ನು ನಿಲ್ಲಿಸಿ ನನ್ನ ಕೈಗೇ ಕೊಡತೊಡಗಿದ.

ಆ ಗಾಜಿನ ಪೆಟ್ಟಿಗೆಯ ಮುಂದೆ ನಾನು ಕಲಿತದ್ದು ಇಷ್ಟು. ಕೆಲವು ಚಾಕುಗಳ ಅಲಗಿನ ಬುಡದಲ್ಲಿ ಸಣ್ಣ ಗುಬ್ಬಿ ಇರುತ್ತದೆ. ಅದನ್ನು ಹೆಬ್ಬೆರಳಿನಿಂದ ಕಮಾನಿನ ದಾರಿಯಲ್ಲಿ ತಳ್ಳಬೇಕು. ಹೆಬ್ಬೆರಳಿನ ಬುಡ ಕೆಟ್ಟವರಿಗೆ ಡಾಕ್ಟರು ಮಾಡಬೇಡಿ ಎನ್ನುವ ಚಲನೆ ಅದೇ. ಕೆಲವಕ್ಕೆ ಬೆನ್ನಿನಲ್ಲಿ ಒಂದು ಚಿಕ್ಕ ಕೊಕ್ಕೆ. ತೋರುಬೆರಳಿನಿಂದ ಒತ್ತಿದರೆ ಅಲಗು ಹಾರಿ ಬರುತ್ತದೆ, ಹೆಬ್ಬೆರಳಿಗೆ ರಜೆ. ಆದರೆ ಅಳುಕುತ್ತ ಒತ್ತಿದರೆ ಅರ್ಧಕ್ಕೇ ನಿಲ್ಲುತ್ತದೆ. ಕೆಲವದರ ಹಿಡಿಯ ಅಂಚಿನಲ್ಲಿ ಅರ್ಧಚಂದ್ರಾಕಾರದ ಕಚ್ಚು. ಉಗುರಿನ ಗೊಡವೆಯಿಲ್ಲದೆ ಅಲಗನ್ನೇ ಬೆರಳುಗಳ ನಡುವೆ ಹಿಡಿದು ಎಳೆಯಬಹುದು. ಇನ್ನು ಕೆಲವಕ್ಕೆ ಅಲಗಿನಲ್ಲೇ ದುಂಡನೆಯ ತೂತು. ಅಮೆರಿಕದ ಸ್ಪೈಡರ್ಕೊ ಕಂಪನಿ 1981ರಲ್ಲಿ ಈ ತೂತಿನ ಚಾಕು ತಂದಿತು. ಬೆರಳಿನ ಮಾಂಸಲ ಭಾಗವೇ ತೂತಿನಲ್ಲಿ ಕೂರುವುದರಿಂದ ಉಗುರೂ ಬೇಡ, ಚಿವುಟುವುದೂ ಬೇಡ. ಇಡೀ ಚಾಕುವಿನಲ್ಲಿ ನನಗೆ ಹೆಚ್ಚು ಇಷ್ಟವಾದದ್ದು ಇಲ್ಲದಿರುವ ಆ ಕಬ್ಬಿಣದ ಚೂರು.

ಇಷ್ಟೆಲ್ಲ ಪರೀಕ್ಷೆ ನಡೆಯುತ್ತಿರುವಾಗ ನನಗೆ ಒಂದು ಗಾಬರಿಯ ಸಂಗತಿ ಹೊಳೆಯಿತು. ಒಂದೇ ಕೈಯಲ್ಲಿ, ಕಷ್ಟವಿಲ್ಲದೆ, ತಟ್ಟನೆ ತೆರೆಯಬೇಕು, ತೆರೆದ ಮೇಲೆ ಕೈಕೊಡಬಾರದು. ಇವು ನನ್ನ ಷರತ್ತುಗಳು. ರೌಡಿಗಳ ಷರತ್ತುಗಳೂ ಚಾಚೂ ತಪ್ಪದೆ ಇವೇ! ನನಗೆ ಅತ್ಯಂತ ಒಗ್ಗುವ ಚಾಕು, ಗುಂಡಿ ಒತ್ತಿದೊಡನೆ ಸ್ಪ್ರಿಂಗಿನ ಬಲದಿಂದ ಅಲಗು ಚಿಮ್ಮುವಂಥದ್ದು, ಅವರಿಗೂ ಅಚ್ಚುಮೆಚ್ಚು. ಹಾಗಾಗಿ ಕಾನೂನು ಅದರ ಮೇಲೆ ಕಣ್ಣಿಟ್ಟಿದೆ. ನಮ್ಮ ದೇಶದ ಶಸ್ತ್ರಾಸ್ತ್ರ ನಿಯಮಗಳು ಅಲಗು 9 ಅಂಗುಲಕ್ಕಿಂತ ಉದ್ದ ಅಥವಾ 2 ಅಂಗುಲಕ್ಕಿಂತ ಅಗಲ ಇದ್ದರೆ ಪ್ರಶ್ನಿಸುತ್ತವೆ. ಅಡುಗೆ, ಬೇಸಾಯದಂಥ ಕೆಲಸಕ್ಕೆಂದೇ ಮಾಡಿದವಕ್ಕೆ ವಿನಾಯಿತಿ ಇದೆ. ದೆಹಲಿಯಲ್ಲಂತೂ 1980ರ ಅಧಿಸೂಚನೆಯೊಂದು ಗುಂಡಿಯ ಚಾಕುವನ್ನು ಹೆಸರು ಹಿಡಿದೇ ಕರೆದು, 7.62 ಸೆಂಟಿಮೀಟರ್ ಉದ್ದ, 1.72 ಸೆಂಟಿಮೀಟರ್ ಅಗಲ ಎಂದು ಅಲಗಿಗೆ ಅಳತೆಯ ಗೆರೆ ಎಳೆದಿದೆ. ಅಮೆರಿಕದಲ್ಲಿ 1958ರಷ್ಟು ಹಿಂದೆಯೇ ಇಂಥ ಚಾಕುಗಳಿಗೆ ಕೇಂದ್ರ ಕಾಯಿದೆ ಬಂತು. ಆ ಕಾಯಿದೆಯಲ್ಲಿ ಒಂದು ದಯೆಯ ಸಾಲಿದೆ: ಒಂದೇ ತೋಳಿರುವ ವ್ಯಕ್ತಿ 3 ಅಂಗುಲದೊಳಗಿನ ಅಲಗಿನ ಚಿಮ್ಮುವ ಚಾಕುವನ್ನು ಇಟ್ಟುಕೊಳ್ಳಬಹುದು. ಬರೆದವರ ಮನಸ್ಸು ದೊಡ್ಡದು. ಆದರೆ ತೋಳು ಎರಡಿದ್ದೂ ಹೆಬ್ಬೆರಳು ಒಂದೂ ಇಲ್ಲದಂತಾದವರ ಬಗ್ಗೆ ಅವರು ಯೋಚಿಸಲಿಲ್ಲ.

ನನ್ನ ಅಹವಾಲು ಇಷ್ಟೇ. ನಮ್ಮ ಕಡೆಯ ರೌಡಿಗಳು ಮಡಚುವ ಚಾಕುವನ್ನು ಕೈಬಿಟ್ಟು ಎಷ್ಟು ಕಾಲವಾಯಿತು! 1995ರಲ್ಲಿ 'ಓಂ' ತೆರೆಗೆ ಬಂದ ಮೇಲೆ ಕನ್ನಡ ಸಿನಿಮಾದ ಖದರೆಲ್ಲ ಲಾಂಗು ಮಚ್ಚಿನದು. ಲಾಂಗಿಗೆ ಕೀಲೇ ಇಲ್ಲ, ತೆರೆಯುವ ಮುಚ್ಚುವ ರಗಳೆಯೂ ಇಲ್ಲ. ಹೊಡೆದಾಟದವರು ಬಿಟ್ಟುಕೊಟ್ಟ ಈ ಕ್ಷೇತ್ರವನ್ನು ಕೀಲುನೋವಿನವರಿಗೆ ವಹಿಸಿಕೊಡಲು ಯಾರ ಅಡ್ಡಿಯೂ ಇರಬಾರದು.

ಮಲೆನಾಡಿನವರಿಗೆ ಇನ್ನೊಂದು ತಾಪತ್ರಯ ಉಂಟು, ಮಳೆ. ಅಕ್ಕನ ಮಗಳು ಫ್ರಾನ್ಸಿನ ಒಪಿನೆಲ್ ಚಾಕು ತರಿಸಿಕೊಟ್ಟಿದ್ದಳು. ಸವೊಯ್ ಎಂಬ ಬೆಟ್ಟದ ಸೀಮೆಯಲ್ಲಿ ಜೋಸೆಫ್ ಒಪಿನೆಲ್ 1890ರಲ್ಲಿ ಶುರುಮಾಡಿದ್ದು. ಮರದ ಹಿಡಿ, ಕೈಗೆ ದುಂಡಗೆ, ಹಗುರ. ಬೇಸಿಗೆಯಲ್ಲಿ ಮಾತು ಕೇಳುತ್ತಿದ್ದ ಆ ಚಾಕು ಆಷಾಢದ ಮಳೆ ಹಿಡಿದ ಮೇಲೆ ಮೌನವ್ರತ ಹಿಡಿಯಿತು. ಮರದ ಹಿಡಿ ತೇವ ಕುಡಿದು ಊದಿ ಅಲಗನ್ನು ಅಮುಕಿಕೊಳ್ಳುತ್ತದೆ. ತೇವದ ದಿನಗಳಲ್ಲಿ ನನ್ನ ಬೆರಳುಗಳ ಕಥೆಯೂ ಅದೇ ಆದ್ದರಿಂದ ಅದನ್ನು ಬೈಯಲು ಮನಸ್ಸು ಬರಲಿಲ್ಲ. ಆದರೆ ಸವೊಯ್‌ನ ರೈತರಿಗೆ ಇದಕ್ಕೊಂದು ಉಪಾಯ ಗೊತ್ತು. ಹಿಡಿಯ ಹಿಂತುದಿಯನ್ನು ಮೇಜಿಗೆ ಟಕ್ಕನೆ ಕುಟ್ಟಿದರೆ ಅಲಗು ತಾನಾಗಿ ಸ್ವಲ್ಪ ಮೂಗು ಹೊರಹಾಕುತ್ತದೆ. ಇಂಥ ಕುಟ್ಟುವ ಉಪಾಯ ಬೆರಳಿಗೂ ಇದೆಯೇ ಎಂದು ಡಾಕ್ಟರರನ್ನು ಕೇಳಿದೆ. ಇಲ್ಲವಂತೆ.

ತೆರೆಯುವುದರ ಬಗ್ಗೆಯೇ ಇಷ್ಟು ಹೇಳುತ್ತಿದ್ದೇನೆ, ಮುಚ್ಚುವುದು ಅದರಪ್ಪ. ತೆರೆದ ಅಲಗು ತಾನಾಗಿ ಮಡಚಿ ಬೆರಳು ಕತ್ತರಿಸದಿರಲೆಂದು ಹಲವು ಚಾಕುಗಳೊಳಗೆ ಒಂದು ಉಕ್ಕಿನ ಪಟ್ಟಿ ಅಡ್ಡ ನಿಲ್ಲುತ್ತದೆ. ಮುಚ್ಚಬೇಕಾದರೆ ಆ ಪಟ್ಟಿಯನ್ನು ಹೆಬ್ಬೆರಳಿನಿಂದ ಪಕ್ಕಕ್ಕೆ ತಳ್ಳಿ ಹಿಡಿದು, ಇನ್ನೊಂದು ಕೈಯಲ್ಲಿ ಅಲಗು ಮಡಚಿ, ಅಲಗು ಬರುವ ದಾರಿಯಿಂದ ಹೆಬ್ಬೆರಳನ್ನು ಸಕಾಲದಲ್ಲಿ ಪಾರುಮಾಡಬೇಕು. ಅಂಗಡಿಯಲ್ಲಿ ಇದನ್ನು ಯಾರೂ ತೋರಿಸುವುದಿಲ್ಲ. ನನಗೆ ತೋರಿಸಿದ್ದು ಬೆಂಗಳೂರಿನ ರೈಲು. ತರೀಕೆರೆ ದಾಟಿದ ಮೇಲೆ ಅಂಥದ್ದೊಂದು ಚಾಕುವಿನಿಂದ ಸೀಬೆಹಣ್ಣು ಹೋಳು ಮಾಡಿ ಉಪ್ಪುಖಾರ ಸವರಿ ಎದುರಿನವರಿಗೂ ಹಂಚಿದೆ. ತಿಂದರು, ಹೊಗಳಿದರು. ಆಮೇಲೆ ಚಾಕು ಮುಚ್ಚಲಿಲ್ಲ. ಬೀರೂರು ಬಂತು, ಮುಚ್ಚಲಿಲ್ಲ. ಬಿಚ್ಚುಗತ್ತಿ ಹಿಡಿದು ಹಲ್ಲು ಕಚ್ಚಿ ಕೂತ ಹೆಂಗಸಿನ ಪಕ್ಕದಲ್ಲಿ ಸೀಟು ಕೇಳುವ ಧೈರ್ಯ ಹತ್ತಿದವರಿಗೆ ಬರಲಿಲ್ಲ. ಹಣ್ಣು ತಿಂದವರೂ ಒಬ್ಬೊಬ್ಬರಾಗಿ ಬಾಗಿಲ ಕಡೆ ಗಾಳಿಗೆಂದು ಹೋದರು. ಕೊನೆಗೆ ಕಾಲೇಜು ಹುಡುಗನೊಬ್ಬ "ಕೊಡಿ ಅಜ್ಜಿ" ಎಂದು ಮಡಚಿಕೊಟ್ಟ. ರಾಂಪುರಿ ಚಾಕುವಿಗೆ ಹೆಸರಾದ ಉತ್ತರ ಪ್ರದೇಶದ ರಾಂಪುರದಲ್ಲಿ 2023ರಲ್ಲಿ ವೃತ್ತವೊಂದರ ನಡುವೆ 20 ಅಡಿಯ ಚಾಕು ನಿಲ್ಲಿಸಿದ್ದಾರೆ. ಅದು ತೆರೆದೇ ನಿಂತಿದೆ. ಅವರು ಜಾಣರು, ಮುಚ್ಚುವ ಗೋಜಿಗೇ ಹೋಗಿಲ್ಲ.

ಅಂತೂ ಒಂದು ಚಾಕು ಆರಿಸಿದೆ. ಅಲಗು 3 ಅಂಗುಲಕ್ಕಿಂತ ಕಡಿಮೆ, ಅದರಲ್ಲಿ ದೊಡ್ಡ ತೂತು. ಹಿಡಿ ಗಿಡ್ಡವಾಗಿ ದಪ್ಪ, ಮೈ ತರಿತರಿ. ತೆಳ್ಳನೆಯ ಹಿಡಿ ನೋಡಲು ಚೆಂದ, ಆದರೆ ಅದನ್ನು ಬಿಗಿಯಾಗಿ ಹಿಡಿಯಲು ಬೆರಳು ಪೂರ್ತಿ ಮಡಚಬೇಕು. ಬೀಗವಾಗಿ ಹಿಡಿಯ ಎರಡೂ ಬದಿಗೆ ಚಾಚಿಕೊಂಡ ಅಡ್ಡಕಡ್ಡಿ. ಹಿಂದಕ್ಕೆ ಎಳೆದರೆ ಅಲಗು ಸಡಿಲವಾಗಿ ತೂಗಿ ಮುಚ್ಚಿಕೊಳ್ಳುತ್ತದೆ, ಬೆರಳು ಅದರ ದಾರಿಗೆ ಬರುವುದೇ ಇಲ್ಲ. ಕೊಳ್ಳುವವರಿಗೆ ಒಂದು ಕಿವಿಮಾತು: ಸಂಜೆ ಅಂಗಡಿಗೆ ಹೋಗಬೇಡಿ. ಅಷ್ಟು ಹೊತ್ತಿಗೆ ಬೆರಳು ಪಳಗಿ ಎಲ್ಲ ಚಾಕುವೂ ತೆರೆಯುತ್ತವೆ. ಬೆಳಗ್ಗೆ ಎದ್ದಾಗಿನ ಮರಗಟ್ಟಿದ ಕೈ ಕೊಡುವ ತೀರ್ಪೇ ಸತ್ಯ. ಕೀಲಿನ ತಿರುಪನ್ನು ಕೂದಲೆಳೆಯಷ್ಟು ಸಡಿಲಿಸಿ ಹೊಲಿಗೆ ಮಿಷನ್ನಿನ ಎಣ್ಣೆ ಒಂದು ಹನಿ ಬಿಡಿ. ನಮ್ಮ ಮನೆಯಲ್ಲಿ ಭಾನುವಾರ ಚಾಕುವಿಗೆ ಎಣ್ಣೆ, ನನಗೆ ಮುಲಾಮು.

ಅಮೆರಿಕದ ಸ್ಯಾಮ್ ಫಾರ್ಬರ್ ಎಂಬ ವ್ಯಾಪಾರಿ ಕೀಲುನೋವಿದ್ದ ಹೆಂಡತಿ ಬೆಟ್ಸಿ ಸಿಪ್ಪೆ ಹೆರೆಯಲು ಪರದಾಡುವುದನ್ನು ಕಂಡು, ಮೆತ್ತನೆಯ ದಪ್ಪ ಹಿಡಿಯ ಸಿಪ್ಪೆ ಹೆರೆಯುವ ಸಾಧನ ಮೊದಲಾದ ಅಡುಗೆಮನೆಯ ಸಲಕರಣೆಗಳನ್ನು ಮಾಡಿಸಿ 1990ರಲ್ಲಿ ಮಾರುಕಟ್ಟೆಗೆ ತಂದ. ನೋವಿದ್ದವರಿಗೆಂದು ಮಾಡಿದ, ಆಕ್ಸೊ ಎಂಬ ಹೆಸರಿನ ಈ ಸಾಮಾನುಗಳನ್ನು ನೋವಿಲ್ಲದವರೇ ಮುಗಿಬಿದ್ದು ಕೊಂಡರು. ಬಲಶಾಲಿಗೆಂದು ಮಾಡಿದ್ದು ನಿಶ್ಶಕ್ತರಿಗೆ ಒಗ್ಗುವುದಿಲ್ಲ, ನಿಶ್ಶಕ್ತರಿಗೆಂದು ಮಾಡಿದ್ದು ಎಲ್ಲರಿಗೂ ಒಗ್ಗುತ್ತದೆ. ಇದನ್ನು ಓದಿದಾಗ ಎಷ್ಟು ಚೆನ್ನಾಗಿದೆ ಎಂದುಕೊಂಡಿದ್ದೆ.

ಮನೆಯಲ್ಲಿ ನಡೆದಾಗ ಅಷ್ಟು ಚೆನ್ನಾಗಿ ಕಾಣಲಿಲ್ಲ. ಸೊಸೆಗೆ ಹಾಲಿನ ಪೊಟ್ಟಣಕ್ಕೆ ಅದೇ ಬೇಕು. ಮಗನಿಗೆ ಕೊರಿಯರ್ ಬಂದರೆ ಅದೇ. ಬಾಳೆಎಲೆ ಕೊಯ್ಯಲು ಕೆಲಸದಾಳು ಬಂದರೂ "ಅಮ್ಮಂದು ಆ ತೂತಿನ ಚಾಕು ಕೊಡಿ" ಎನ್ನುತ್ತಾನೆ. ಯಾರ ಮೇಲೆ ಸಿಟ್ಟು ಎಂದು ಕೇಳಿದ್ದ ಯಜಮಾನರ ಪಂಚೆಯ ಗಂಟಿನಲ್ಲಿ ಅದು ವಾರದಲ್ಲಿ ಬಹುಪಾಲು ಇರುತ್ತದೆ. "ಅಷ್ಟು ಈಸಿ ಉಂಟಲ್ಲ ಮಾರಾಯ್ತಿ, ಕೈ ತಾನಾಗೇ ಹೋಗ್ತದೆ" ಎಂಬ ಸಮಜಾಯಿಷಿ ಬೇರೆ. ಸ್ವಿಸ್ ಸೇನೆಯ ಚಾಕು ಕಪಾಟಿನಲ್ಲಿ ಭದ್ರವಾಗಿದೆ. ಅದನ್ನು ಈ ತನಕ ನಮ್ಮ ಮನೆಯಲ್ಲಿ ಯಾರೂ ಕದ್ದಿಲ್ಲ.