ಬಿಳೇದೊಂದು ಬ್ಯಾಡ್ರಿ

ಶಿರಹಟ್ಟಿ ಕಡೆಯ ಜವಾರಿ ಹ್ಯಾಟಿಗೆ ಕುಲಗೋತ್ರದ ಚಿಂತೆಯಿಲ್ಲ. ಹತ್ತು ತತ್ತಿಗೆ ಕಾವು ಕೂತರೆ ಕರಿದು, ಕೆಂದು, ಬೂದಿ ಬಣ್ಣದ್ದು, ಕುತ್ತಿಗೆಯಷ್ಟೇ ಹೊಂಬಣ್ಣದ್ದು, ಹೀಗೆ ಹತ್ತು ನಮೂನೆಯ ಮರಿ ಎಬ್ಬಿಸುತ್ತದೆ. ಅಪ್ಪ ಯಾರೆಂದು ಕೇಳುವ ರೂಢಿ ಓಣಿಯಲ್ಲಿಲ್ಲ; ಕೇಳಿದರೆ ನಾಲ್ಕು ಮನೆಯ ಹುಂಜಗಳ ಮರ್ಯಾದೆ ಹೋಗುತ್ತದೆ.

ಇಂಗ್ಲೆಂಡಿನವರು ಹಾಗೆ ಬಿಡುವವರಲ್ಲ. 1845ರಲ್ಲಿ ಲಂಡನ್ನಿನ ಪ್ರಾಣಿಸಂಗ್ರಹಾಲಯದಲ್ಲಿ ಕೋಳಿ ಪ್ರದರ್ಶನ ನಡೆಸಿದರು. 1865ರ ಹೊತ್ತಿಗೆ ಯಾವ ತಳಿಗೆ ಯಾವ ಬಣ್ಣವೆಂದು ಪುಸ್ತಕವನ್ನೇ ಅಚ್ಚು ಹಾಕಿಸಿದರು. ಅವರ ತಾಪತ್ರಯ ತಿಳಿಯಬೇಕಾದರೆ ನೀಲಿ ಆಂಡಲೂಸಿಯನ್ ಕೋಳಿಯನ್ನು ನೋಡಬೇಕು. ಮೈಯೆಲ್ಲ ಮಳೆಮೋಡದ ಬಣ್ಣ, ಒಂದೊಂದು ಪುಕ್ಕಕ್ಕೂ ಇಳಕಲ್ ಸೀರೆಯ ದಡಿಯಂತೆ ಕಪ್ಪಂಚು. ಅಂಚು ಕದಡಿತೋ, ಅಂಕ ಕಡಿತ. ಆದರೆ ನೀಲಿ ಹುಂಜಕ್ಕೆ ನೀಲಿ ಹ್ಯಾಟಿಯನ್ನೇ ಹುಡುಕಿ ಜೋಡಿ ಮಾಡಿದರೂ ಮರಿಗಳಲ್ಲಿ ಸುಮಾರು ಅರ್ಧವಷ್ಟೇ ನೀಲಿ. ಉಳಿದರ್ಧದಲ್ಲಿ ಕೆಲವು ಕಪ್ಪು, ಕೆಲವು ಚುಕ್ಕೆ ಎರಚಿದ ಬಿಳಿ. ಎಲ್ಲ ಮರಿಯೂ ನೀಲಿಯೇ ಆಗಬೇಕೆಂದರೆ, ನೀಲಿಯ ಸ್ಪರ್ಧೆಗೆ ನಾಲಾಯಕ್ಕೆಂದು ಬದಿಗಿಟ್ಟ ಆ ಕಪ್ಪನ್ನೂ ಚುಕ್ಕೆಬಿಳಿಯನ್ನೂ ಕೂಡಿಸಬೇಕು! ಈ ಲೆಕ್ಕವನ್ನು ಮೆಂಡೆಲನ ಸೂತ್ರದಿಂದ ಬಿಡಿಸಿದವರು ಕೇಂಬ್ರಿಜ್ಜಿನ ಬೇಟ್ಸನ್ ಮತ್ತು ಪನ್ನೆಟ್. ವರ ನೋಡಲು ಹೊರಟ ನಮ್ಮ ಹಿರಿಯರಿಗೂ ಇದನ್ನು ಯಾರಾದರೂ ತಿಳಿಸಬೇಕಿತ್ತು.

ಕಟ್ಟುನಿಟ್ಟಿನ ಬಣ್ಣ ನೋಡಲು ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಇಲ್ಲೇ ಮಾಗಡಿ ಕೆರೆಯಿದೆ. ಚಳಿಗಾಲಕ್ಕೆ ಮಂಗೋಲಿಯಾ ಕಡೆಯಿಂದ ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಸಾವಿರಾರು. ಬೆಳೆದ ಪ್ರತಿ ಹಕ್ಕಿಯ ಬಿಳಿ ತಲೆಯ ಮೇಲೂ ಎರಡೇ ಕರಿ ಪಟ್ಟೆ. ಅಲ್ಲಿ ತೀರ್ಪುಗಾರರಿಲ್ಲ, ಬಹುಮಾನವೂ ಇಲ್ಲ. ಬಯಲಲ್ಲಿ ಬದುಕುವವಕ್ಕೆ ಬಣ್ಣ ಕೆಟ್ಟರೆ ಜೋಡಿ ಸಿಗುವುದು ಕಷ್ಟ, ಶತ್ರುವಿನ ಕಣ್ಣು ತಪ್ಪಿಸುವುದೂ ಕಷ್ಟ. ಹಿತ್ತಲಲ್ಲಾದರೆ ಕಾಳು ಎಲ್ಲ ಬಣ್ಣಕ್ಕೂ ಬೀಳುತ್ತದೆ.

ಹಾಗೆಂದು ನಮ್ಮಲ್ಲಿ ಬಣ್ಣದ ಪರೀಕ್ಷೆ ಇಲ್ಲವೆನ್ನಬೇಡಿ. ಸಂತೆಯಲ್ಲಿ ಕಾಲು ಕಟ್ಟಿದ ಹುಂಜವನ್ನು ತಲೆಕೆಳಗಾಗಿ ಎತ್ತಿ, ರೆಕ್ಕೆ ಬಿಡಿಸಿ ನೋಡುವವರ ಮುಖದ ಗಾಂಭೀರ್ಯ ಯಾವ ತೀರ್ಪುಗಾರರಿಗೂ ಕಡಿಮೆಯಲ್ಲ.

“ಜವಾರಿ ಹೌದಲ್ರಿ ಅಕ್ಕಾ?”

“ಪುಕ್ಕಾ ನೋಡ್ರಿ ಯಣ್ಣಾ, ತಿಳಿಯಂಗಿಲ್ಲೇನು? ಬಿಳೇದಿದ್ರ ಕೇಳ್ರಿ.”

ನಮ್ಮ ನಿಯಮ ಇಷ್ಟೇ: ಬಿಳಿ ಇರಬಾರದು. ಬಿಳಿಯೆಂದರೆ ಫಾರಂ ಕೋಳಿ, ರುಚಿಯಿಲ್ಲ, ಅತ್ತೆಮನೆಯವರಿಗೆ ಬಡಿಸುವಂಥದ್ದಲ್ಲ. ಈ ಮರ್ಮ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ವಿಜ್ಞಾನಿಗಳಿಗೂ ಗೊತ್ತಿತ್ತು. ಹಿತ್ತಲಿಗೆಂದೇ ಅವರು ಬೆಳೆಸಿದ ಗಿರಿರಾಜ ಬಿಳಿಯಲ್ಲ, ಬಗೆಬಗೆಯ ಬಣ್ಣದ ಕೋಳಿ. ಊರ ಕೋಳಿಯಂತೆ ಕಂಡರೆ ಜನ ಒಪ್ಪುತ್ತಾರೆ, ಗಿಡುಗಕ್ಕೂ ದೂರದಿಂದ ಎದ್ದು ಕಾಣುವುದಿಲ್ಲ. ಆದರೆ ಕಾವು ಕೂರಲು ಗಿರಿರಾಜಕ್ಕೆ ಮನಸ್ಸಿಲ್ಲ; ಅದರ ತತ್ತಿಯನ್ನೂ ಬುಟ್ಟಿಯಲ್ಲಿಟ್ಟು ಜವಾರಿ ಹ್ಯಾಟಿಯನ್ನೇ ಕೂರಿಸಬೇಕು.

ಪುಕ್ಕದ ಸಾಕ್ಷಿ ಹೀಗೆ ಬಿದ್ದುಹೋಗಿ ಬಹಳ ಕಾಲವಾಯಿತು. ಗಿರಿರಾಜ ಎಂಟು ವಾರಕ್ಕೇ ಕಿಲೋ ದಾಟುತ್ತದೆ. ಜವಾರಿಗೆ ಅಷ್ಟು ತೂಗಲು ತಿಂಗಳುಗಳೇ ಬೇಕು. ಸಂತೆಗೆ ಹೋದರೆ ಬಣ್ಣ ಆಮೇಲೆ ನೋಡಿ, ಮೊದಲು ಕೋಳಿಯ ವಯಸ್ಸು ಕೇಳಿ, ಕೈಯಲ್ಲಿ ಎತ್ತಿ ತೂಗಿ.