ರೊಕ್ಕ ಕೊಟ್ಟವನ ವಿಮರ್ಶೆ

ಸಾಲೋಟಗಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ಸೀಮೆಯ ಯಾವ ಊರಿನ ಚಹಾದಂಗಡಿಗೆ ಹೋದರೂ ಅಲ್ಲೊಬ್ಬ ವಿಮರ್ಶಕ ಕೂತಿರುತ್ತಾನೆ. ಊರವರಿಗೆ ಆತ ಕಾಕಾ. ಕ್ಯಾಸೆಟ್ ಆಗಲಿ, ಕಾದಂಬರಿಯಾಗಲಿ, ಕಾಕಾನ ಹತ್ತಿರ ಇರುವುದು ಎರಡೇ ತೀರ್ಪು: 'ರೊಕ್ಕ ಮುಟ್ಟಿತು', ಇಲ್ಲವೇ 'ರೊಕ್ಕ ನೀರಾಗ ಹೋತು'. ಕಾರಣ ಕೇಳಿದವರಿಗೆ ಉತ್ತರ ಸಿದ್ಧವಿದೆ: "ಕಿಸೇನೂ ನಂದ, ಕಿವೀನೂ ನಂದ, ನಡುವ ನಿಂದೇನೋ ತಮ್ಮಾ?" ಪದವಿ ಪಡೆದ ವಿಮರ್ಶಕರು ಇದನ್ನು ಕೇಳಿ ನಗುತ್ತಾರೆ. ಆದರೆ ಗೌರವ ಪ್ರತಿ ಕೈಗೆ ಬಂದ ಮೇಲೆ ಲೇಖನಿ ಬಿಚ್ಚುವವರಿಗಿಂತ, ತಾನು ಯಾವ ತಕ್ಕಡಿಯಲ್ಲಿ ತೂಗುತ್ತಿದ್ದೇನೆ ಎಂದು ಮೊದಲೇ ತೋರಿಸಿಬಿಡುವ ಕಾಕಾ ಹೆಚ್ಚು ಪ್ರಾಮಾಣಿಕ. ವ್ಯವಹಾರ ಕುದುರಿತೋ ಕೆಟ್ಟಿತೋ ಎಂಬ ಮಟ್ಟಿಗೆ ಅವನ ಸಾಕ್ಷ್ಯವನ್ನು ಕಣ್ಣುಮುಚ್ಚಿ ನಂಬಬಹುದು. ಅದರಾಚೆಗೆ ಮಾತ್ರ ಕಣ್ಣು ತೆರೆದಿರಬೇಕು.

ಪುರಾವೆ ಬೇಕಿದ್ದರೆ ಹಳೆಯ ಗ್ರಂಥಾಲಯದ ಪತ್ತೇದಾರಿ ಕಾದಂಬರಿಗಳನ್ನು ತೆರೆದು ನೋಡಬೇಕು. ನಾಲ್ಕನೇ ಇಯತ್ತೆಯವರೆಗಷ್ಟೇ ಓದಿದ ಎನ್. ನರಸಿಂಹಯ್ಯನವರು ಐನೂರರಷ್ಟು ಕಾದಂಬರಿ ಬರೆದು ಒಂದಿಡೀ ತಲೆಮಾರಿಗೆ ಓದಿನ ಚಟ ಹಚ್ಚಿದವರು. ಅಂಥ ಪುಸ್ತಕಗಳ ಅಂಚಿನಲ್ಲಿ ಕನ್ನಡದ ನಿಜವಾದ ಬಳಕೆದಾರರ ವಿಮರ್ಶೆ ಪೆನ್ಸಿಲ್ಲಿನಲ್ಲಿ ಉಳಿದಿದೆ. 'ಬೋರ್', ಅದರ ಕೆಳಗೆ ಬೇರೆ ಕೈಬರಹದಲ್ಲಿ 'ನೀನೇ ಬೋರ್', ಕೊನೆಯ ಹಾಳೆಯಲ್ಲಿ 'ಮುಕ್ತಾಯ ಅವಸರ ಆಗಿದೆ'. ಎಲ್ಲಕ್ಕೂ ಮಿಗಿಲಾದ ದುಷ್ಟನೊಬ್ಬ ಮೊದಲ ಪುಟದಲ್ಲೇ 'ಕೊಲೆ ಮಾಡಿದವ ಡಾಕ್ಟರ್' ಎಂದು ಬರೆದು ಪುಸ್ತಕ ಮರಳಿಸಿರುತ್ತಾನೆ. (ಕ್ಯಾಸೆಟ್ಟಿನ ರೀಲು ಸಿಕ್ಕಿಕೊಂಡಾಗ ಸುತ್ತುವುದೂ ಅದೇ ಪೆನ್ಸಿಲ್, ಎರಡೂ ಕಲೆಗಳಿಗೆ ಒಂದೇ ಆಯುಧ.) ಈ ಷರಾಗಳಲ್ಲಿ ಶೈಲಿ, ಸಂವೇದನೆ, ಆಶಯ ಎಂಬ ಮಾತಿಲ್ಲ ನಿಜ. ಆದರೆ ಮುಖಪುಟದ ಮೇಲೆ ಪಿಸ್ತೂಲು ಬರೆಸಿದ ಪ್ರಕಾಶಕ ಓದುಗನಿಗೆ ಒಂದು ವಚನ ಕೊಟ್ಟಿರುತ್ತಾನೆ. ಅರವತ್ತು ಪುಟ ದಾಟಿದರೂ ಗುಂಡು ಹಾರದಿದ್ದರೆ ವಚನಭಂಗ. 'ಇವನು ಕಲೆಯನ್ನು ಕಾಯಿಪಲ್ಯೆ ಮಾಡಿದ' ಎಂಬ ಆಕ್ಷೇಪ ಇಲ್ಲಿ ನಿಲ್ಲುವುದಿಲ್ಲ. ಕಾಕಾ ಕುವೆಂಪು ಅವರನ್ನು ಈ ತಕ್ಕಡಿಗೆ ಹಾಕುವುದೇ ಇಲ್ಲ. "ಅವರು ನಮಗೇನೂ ಆಸೆ ಹಚ್ಚಿಲ್ಲಲ್ಲ" ಎಂದು ಕೈ ಮುಗಿದು ಬದಿಗಿಡುತ್ತಾನೆ.

ಲೆಕ್ಕವಿಡುವುದು ಈ ನೆಲಕ್ಕೆ ಹೊಸದೂ ಅಲ್ಲ. ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿ ನಾರಾಯಣ ಸಾಲೋಟಗಿಯಲ್ಲಿ ಕಟ್ಟಿಸಿದ ವಿದ್ಯಾಶಾಲೆಯ 945ರ ಶಾಸನ, ಬೇರೆ ಬೇರೆ ನಾಡುಗಳಿಂದ ಬಂದ ವಿದ್ಯಾರ್ಥಿಗಳಿಗೆ 27 ಮನೆ, ದೀಪದ ಎಣ್ಣೆಗೆ ಇಷ್ಟು ಭೂಮಿ, ಊರಿನವರು ಮದುವೆಗೊಮ್ಮೆ ಇಷ್ಟು ಕೊಡಬೇಕು, ಮುಂಜಿಗೆ ಅದರಲ್ಲಿ ಅರ್ಧ ಎಂದು ಬಿಡಿಸಿ ಹೇಳುತ್ತದೆ. ವಿದ್ಯೆಗೇ ಇಷ್ಟು ಲೆಕ್ಕವಿದ್ದ ಊರಿನಲ್ಲಿ ಕ್ಯಾಸೆಟ್ಟಿನ ಬಿ ಸೈಡಿನ ಹಾಡು ಜೊಳ್ಳು ಎಂದು ಒಬ್ಬ ಹಿಡಿದು ನಿಲ್ಲಿಸಿದರೆ ಸಣ್ಣತನ ಎನ್ನಲಾಗದು.

ಕಾಕಾ ಎಡವುವುದು ಹೊಸ ವಾದ್ಯ ಕೇಳಿದಾಗ. 2008ರಲ್ಲಿ ಬಂದ ರಘು ದೀಕ್ಷಿತ್ ಅವರ ಮೊದಲ ಆಲ್ಬಮ್‌ನಲ್ಲಿ ಶಿಶುನಾಳ ಶರೀಫರ ಪದ ಗಿಟಾರು, ಡ್ರಮ್ಮುಗಳ ರಾಕ್ ಹುರುಪಿನಲ್ಲಿ ಬಂತು. "ಶರೀಫಜ್ಜನ ಪದಕ್ಕ ಗಿಟಾರ್ ಯಾಕ? ಮೂಲ ಕೆಡಸ್ಯಾರ" ಎಂಬುದು ಕಾಕಾನ ಘೋಷಣೆ. ಮೂಲ ಯಾವುದು ಎಂದು ಬೆನ್ನು ಹತ್ತಿದರೆ, 1990ರ 'ಸಂತ ಶಿಶುನಾಳ ಶರೀಫ' ಚಿತ್ರಕ್ಕೆ ಸಿ. ಅಶ್ವತ್ಥ್ ಕೂಡಿಸಿದ ಧಾಟಿ! ಶರೀಫರು ತೀರಿಕೊಂಡದ್ದು 1889ರಲ್ಲಿ. ನಡುವಿನ ನೂರು ವರ್ಷ ಆ ಪದಗಳನ್ನು ಕಾಯ್ದುಕೊಂಡು ಬಂದ ಭಜನಾ ಮೇಳಗಳು ಕಾಕಾನ ಲೆಕ್ಕಕ್ಕಿಲ್ಲ. ಅವಕ್ಕೆ ಅವನು ರೊಕ್ಕ ಕೊಟ್ಟಿರಲಿಲ್ಲ. ಭಜನೆಯ ಹಾರ್ಮೋನಿಯಂ ಕೂಡ ಯುರೋಪಿನಿಂದ ಹಡಗು ಹತ್ತಿ ಬಂದದ್ದೇ. ಪರದೇಶಿ ವಾದ್ಯವೆಂದು ಆಕಾಶವಾಣಿ 1940ರಿಂದ ಮೂರು ದಶಕ ಅದನ್ನು ಹೊರಗಿಟ್ಟಿತ್ತು. ಇದನ್ನೆಲ್ಲ ಹೇಳಿದರೂ ಕಾಕಾ ಜಗ್ಗುವವನಲ್ಲ. ಅವನಿಗೆ ಮೂಲವೆಂದರೆ ತಾನು ಮೊದಲು ಕೊಂಡ ಕ್ಯಾಸೆಟ್. ಹಾಗಾದರೆ ಇಂಥವನ ಮಾತು ಕೇಳುವುದೇ ಬೇಡವೇ? ಕೇಳಬೇಕು. ಹಳೆಯ ಕೇಳುಗ ಯಾವ ತಿರುವಿನಲ್ಲಿ ಗಾಡಿಯಿಂದ ಇಳಿದುಹೋದ ಎಂಬುದನ್ನು ಹೊಸ ಹಾಡುಗಾರನಿಗೆ ಮುಖಕ್ಕೆ ಹೊಡೆದ ಹಾಗೆ ಹೇಳುವವನು ಅವನೊಬ್ಬನೇ. ಸ್ನೇಹಿತರು 'ಭಾಳ ಛಲೋ ಆಗೇದ' ಎಂದೇ ಬರೆಯುತ್ತಾರೆ.

ಈಗ ಹಾಡೆಲ್ಲ ಮೊಬೈಲಿನಲ್ಲಿ ಪುಕ್ಕಟೆ. ಕಾಸು ಕೊಡದವನಿಗೆ ದೂರುವ ಹಕ್ಕು ಎಲ್ಲಿಯದು ಎಂದು ಕೆಲವರು ಕಾಕಾನ ಕಾಲ ಮುಗಿಯಿತೆಂದೇ ತಿಳಿದಿದ್ದಾರೆ. ಅವರಿಗೆ ಅವನ ಕುಲದ ಪರಿಚಯ ಸಾಲದು. ಹಾಡು ಹೇಗಿತ್ತು ಕಾಕಾ ಎಂದರೆ ಪರದೆಯ ಮೂಲೆಯತ್ತ ಕಣ್ಣು ಹಾಯಿಸಿ, ನಿಟ್ಟುಸಿರು ಬಿಟ್ಟು ಹೇಳುತ್ತಾನೆ: "ಎರಡ ಪರ್ಸೆಂಟ್ ಚಾರ್ಜ್ ಹಾಳಾತು."